ದಾಸರ ಮಗ

ನಮ್ಮೂರ ರಾಮನವಮಿಗೆ ಬರುತ್ತಿದ್ದ ಹರಿಕಥೆ ದಾಸರು ಮುಂದಿನ ಸಾಲಿನಲ್ಲಿ ತೂಕಡಿಸುವ ಹುಡುಗರನ್ನು ಗದರಿಸುತ್ತಿರಲಿಲ್ಲ. ಕೈಯಲ್ಲಿನ ಚಿಟಿಕೆ ನಿಲ್ಲಿಸಿ, ‘ಕುಂಭಕರ್ಣ ಲಂಕೆಯಲ್ಲಿದ್ದಾನೆ ಅಂದ್ಕೊಂಡಿದ್ದೆ, ಇಲ್ಲೇ ಬಂದು ಕೂತಿದ್ದಾನಲ್ಲಪ್ಪ’ ಅನ್ನುವರು. ಸಭೆ ಇನ್ನೂ ನಗುತ್ತಿರುವಾಗಲೇ ಹಾರ್ಮೋನಿಯಂ ಕಡೆ ಕಿವಿ ಕೊಟ್ಟು, ಶ್ರುತಿ ಹಿಡಿದು ಅಶೋಕವನದ ಸೀತೆಗೆ ಇಳಿದುಬಿಡುವರು. ಈಗ ತಾನೇ ನಕ್ಕ ಹೆಂಗಸರು ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದರು.

2020ರ ಸೆಪ್ಟೆಂಬರ್ 25ರ ಮಧ್ಯಾಹ್ನ ಎಸ್.ಪಿ. ಬಾಲಸುಬ್ರಹ್ಮಣ್ಯಂ ತೀರಿಕೊಂಡ ಸುದ್ದಿ ಬಂದಾಗ ನನಗೆ ನೆನಪಾದದ್ದು ಆ ದಾಸರು. ಸಂಬಂಧ ಇಲ್ಲದಿಲ್ಲ. ಎಸ್‌ಪಿಬಿ ಅವರ ತಂದೆ ಸಾಂಬಮೂರ್ತಿ ನೆಲ್ಲೂರಿನಲ್ಲಿ ಹರಿಕಥೆ ಮಾಡುತ್ತಿದ್ದವರು.

ಅವತ್ತು ಟೀವಿಗಳ ತುಂಬ ಲೆಕ್ಕವೋ ಲೆಕ್ಕ. ಎಷ್ಟು ಸಾವಿರ ಹಾಡು, ಎಷ್ಟು ಭಾಷೆ, ಆರು ರಾಷ್ಟ್ರಪ್ರಶಸ್ತಿ. ಸಾಲದ್ದಕ್ಕೆ ನಿಮಿಷಕ್ಕೊಮ್ಮೆ ‘ಗಾನಗಂಧರ್ವ’. ಆ ಬಿರುದಿನ ಮೇಲೆ ನನ್ನದೊಂದು ತಕರಾರಿದೆ: ಗಂಧರ್ವರು ಜೋಕು ಹೇಳಿದ್ದನ್ನು ಯಾವ ಪುರಾಣದಲ್ಲೂ ನಾನು ಕೇಳಿಲ್ಲ. ಈ ಮನುಷ್ಯನಿಗೆ ಜೋಕು ಹೇಳದೆ ಇರಲು ಆಗುತ್ತಿರಲಿಲ್ಲ.

ಈಟಿವಿ ಕನ್ನಡದ ‘ಎದೆ ತುಂಬಿ ಹಾಡುವೆನು’ ನೋಡಿದವರಿಗೆ ಇದು ಗೊತ್ತು. ಹೆಸರಿಗೆ ಅದು ಸ್ಪರ್ಧೆ. ನಾವು ಕಾಯುತ್ತಿದ್ದದ್ದು ಹಾಡು ಮುಗಿದ ಮೇಲಿನ ಉಪಕಥೆಗೆ. ಸಂಗೀತ ನಿರ್ದೇಶಕರು, ಬರೆದ ಕವಿಗಳು, ಕೊಳಲು ತಬಲಾ ನುಡಿಸಿದವರು ಎಲ್ಲರೂ ಆ ಮಾತಿನಲ್ಲಿ ಬಂದು ಹೋಗುತ್ತಿದ್ದರು. ಎದುರಿಗೆ ನಡುಗುತ್ತ ನಿಂತ ಮಗುವಿಗೆ ತಾವು ಎಡವಿದ್ದನ್ನು ಹೇಳಿ ನಗಿಸುವರು. ಹಾಗಂತ ಹಕಾರ ನುಂಗಿದರೆ, ಳಕಾರ ಲಕಾರವಾದರೆ ಬಿಡುತ್ತಿರಲಿಲ್ಲ. ತೆಲುಗು ಮನೆಮಾತಿನವರು ಕನ್ನಡದ ಮಕ್ಕಳಿಗೆ ಕನ್ನಡ ತಿದ್ದುತ್ತಿದ್ದರು; ಯಾರಿಗೂ ಅದು ವಿಚಿತ್ರವೆನಿಸಲಿಲ್ಲ. ಈಗಿನ ಶೋಗಳಲ್ಲಿ ತೀರ್ಪುಗಾರರು ಅಳುತ್ತಾರೆ, ಹಿನ್ನೆಲೆಯಲ್ಲಿ ಪಿಟೀಲೂ ಅಳುತ್ತದೆ. ಇರಲಿ.

ತಮಾಷೆ ಮೈಕಿನಾಚೆ ಮಾತ್ರ ಇತ್ತು ಅಂದುಕೊಳ್ಳಬೇಡಿ. ಹಾಡಿನ ನಡುವೆ ನಗುವುದು ಎಷ್ಟು ಕಷ್ಟ ಎಂದು ಒಮ್ಮೆ ಮನೆಯಲ್ಲೇ ಪ್ರಯತ್ನಿಸಿ ನೋಡಿ. ನಕ್ಕರೆ ಉಸಿರು ಖರ್ಚಾಗುತ್ತದೆ, ಶ್ರುತಿ ಜಾರುತ್ತದೆ, ಮುಂದಿನ ಪದ ತಡವಾಗುತ್ತದೆ. ಎಸ್‌ಪಿಬಿ ಸಾಲಿನ ತುದಿಯಲ್ಲಿ ಕಿಸಕ್ಕನೆ ನಕ್ಕು, ಅದೇ ನಗುವಿನ ಬೆನ್ನಿಗೆ ಸರಿಯಾದ ಸ್ವರದ ಮೇಲೆ ಬಂದು ಕೂರುತ್ತಿದ್ದರು. 1972ರ ‘ನಾಗರಹಾವು’ ಚಿತ್ರದಲ್ಲಿ ರಾಮಾಚಾರಿಗಾಗಿ ಹಲ್ಲು ಕಚ್ಚಿದ ಗಂಟಲೂ ಇದೇ. ಶಾಸ್ತ್ರೀಯ ಸಂಗೀತವನ್ನು ಕ್ರಮವಾಗಿ ಕಲಿತವರಲ್ಲ, ಎಂಜಿನಿಯರಿಂಗ್ ಓದಲು ಹೋಗಿದ್ದವರು. ಅಂಥವರು ಗದಗದ ಪಂಚಾಕ್ಷರ ಗವಾಯಿಗಳ ಕುರಿತ ಸಿನಿಮಾಕ್ಕೆ ಹಿಂದೂಸ್ತಾನಿ ಹಾಡಿ ರಾಷ್ಟ್ರಪ್ರಶಸ್ತಿ ತಂದರು.

ನನಗೆ ಅದಕ್ಕಿಂತ ಇಷ್ಟ 1993ರ ‘ಮುದ್ದಿನ ಮಾವ’. ಸಂಗೀತ ಅವರದೇ, ಮಾವನ ಪಾತ್ರವೂ ಅವರದೇ. ಆದರೆ ದೀಪಾವಳಿಯ ಹಾಡಿನಲ್ಲಿ ಮಾವ ಬಾಯಿ ತೆರೆದರೆ ಕೇಳಿಸುವುದು ಡಾ. ರಾಜ್‌ಕುಮಾರ್ ಧ್ವನಿ! ಎಸ್‌ಪಿಬಿ ಕಂಠ ಅಳಿಯ ಶಶಿಕುಮಾರ್ ಪಾಲಿಗೆ. ದೇಶವೇ ತಲೆದೂಗುವ ಗಾಯಕ ತೆರೆಯ ಮೇಲೆ ಇನ್ನೊಬ್ಬರ ಹಾಡಿಗೆ ತುಟಿಯಾಡಿಸುತ್ತ ಕುಣಿಯುತ್ತಾರೆ. ದೊಡ್ಡಸ್ತಿಕೆ ತಲೆಗೇರಿದವರಿಗೆ ಇಂಥ ಚೇಷ್ಟೆ ಹೊಳೆಯುವುದೇ ಇಲ್ಲ.

ಆಗಸ್ಟ್‌ನಲ್ಲಿ ಕೋವಿಡ್ ತಗಲಿದಾಗ ಅವರೇ ವಿಡಿಯೊ ಮಾಡಿ, ಹೆಚ್ಚೇನಿಲ್ಲ, ಗಾಬರಿಯಾಗಬೇಡಿ, ಫೋನ್ ಮಾಡಬೇಡಿ ಎಂದಿದ್ದರು. ಮನೆಗೆ ಬಂದ ನೆಂಟರನ್ನು ಸಮಾಧಾನ ಮಾಡುವ ದನಿ. ನಾವೂ ನಂಬಿದೆವು. ಐವತ್ತು ದಿನಗಳ ಮೇಲೆ ಚೆನ್ನೈ ಹೊರವಲಯದ ತಾಮರೈಪಾಕ್ಕಂ ತೋಟದಲ್ಲಿ ಮಣ್ಣು ಮಾಡಿದರು.

ಅವತ್ತು ಸಂಜೆ ಆಟೊ ಹತ್ತಿದೆ. ಚಾಲಕ ಏನೂ ಮಾತಾಡಲಿಲ್ಲ, ಪೆನ್‌ಡ್ರೈವ್ ಹಾಡುತ್ತಿತ್ತು. ಎರಡನೇ ಚರಣ ಮುಗಿಯುವಲ್ಲಿ ಎಸ್‌ಪಿಬಿ ನಕ್ಕರು. ಇವನೂ ಮಾಸ್ಕ್‌ನೊಳಗೇ, ಸರಿಯಾಗಿ ಅದೇ ಜಾಗಕ್ಕೆ ನಕ್ಕ. ವರ್ಷಗಟ್ಟಲೆ ಕೇಳಿದ ರೂಢಿ ಇರಬೇಕು. ಆಮೇಲೆ ಮುಂಗೈಯಿಂದ ಕಣ್ಣುಜ್ಜಿಕೊಂಡ. ಮೀಟರ್ ಹಾಕುವುದನ್ನೂ ಮರೆತಿದ್ದ, ನಾನೂ ನೆನಪಿಸಲಿಲ್ಲ.