ಪಾಚಿಗೆ ಮೈಲುತುತ್ತು: ಗೆಲ್ಲುವವರು ಯಾರು?

ಬೇಸಿಗೆ ಬಲಿತಂತೆ ಕೃಷಿ ಹೊಂಡದ ನೀರು ಹಸಿರೇರುತ್ತದೆ. ಹನಿ ನೀರಾವರಿಯ ಫಿಲ್ಟರ್ ಕಟ್ಟಿಕೊಳ್ಳುತ್ತದೆ. ನೀರು ವಾಸನೆ ಬರುತ್ತದೆ. ಆಗ ರೈತನಿಗೆ ಸಿಗುವ ಮೊದಲ ಸಲಹೆ, "ಒಂದಿಷ್ಟು ಮೈಲುತುತ್ತು ಹಾಕಿ, ಸರಿಹೋಗುತ್ತದೆ" ಎಂಬುದು. ಕೆಲವೇ ದಿನಗಳಲ್ಲಿ ನೀರು ತಿಳಿಯಾಗುವುದೂ ನಿಜ. ಆದರೆ ಸ್ವಲ್ಪ ಕಾಲದಲ್ಲೇ ಪಾಚಿ ಮತ್ತೆ ಬರುತ್ತದೆ. ರೈತ ಮತ್ತೆ ಮೈಲುತುತ್ತು ತರುತ್ತಾನೆ. ಈ ಪದ್ಧತಿಯನ್ನು ವರ್ಷವರ್ಷವೂ ಮುಂದುವರಿಸುವುದು ತಪ್ಪು ಎಂಬುದು ನನ್ನ ಖಚಿತ ಅಭಿಪ್ರಾಯ. ಏಕೆಂದು ತಿಳಿಯಬೇಕಾದರೆ ಹಸಿರು ಪಾಚಿ ತನ್ನನ್ನು ತಾನು ಹೇಗೆ ಕಾಪಾಡಿಕೊಳ್ಳುತ್ತದೆ ಎಂಬುದನ್ನು ಮೊದಲು ನೋಡಬೇಕು.

ಪಾಚಿಯನ್ನು ನಾವು ಕ್ಷುದ್ರ ಸಸ್ಯವೆಂದು ಕಡೆಗಣಿಸುತ್ತೇವೆ. ಆದರೆ ಅದು ದಿನವೂ ವಿಷದೊಡನೆ ಹೋರಾಡಿ ಬದುಕುವ ಜೀವಿ. ಬಿಸಿಲಿನಲ್ಲಿ ಆಹಾರ ತಯಾರಿಸುವಾಗ ಅದು ಆಮ್ಲಜನಕವನ್ನು ಹೊರಬಿಡುತ್ತದೆ. ಬಿಸಿಲು ಮಿತಿಮೀರಿದರೆ ಈ ಆಮ್ಲಜನಕದ ಸ್ವಲ್ಪ ಭಾಗ ಸೂಪರಾಕ್ಸೈಡ್, ಹೈಡ್ರೋಜನ್ ಪೆರಾಕ್ಸೈಡ್‌ನಂತಹ ಉಗ್ರ ರೂಪ ತಾಳುತ್ತದೆ. ಕಬ್ಬಿಣವನ್ನು ತುಕ್ಕು ತಿನ್ನುವಂತೆ ಇವು ಜೀವಕೋಶದ ಪೊರೆಯನ್ನು ಹಾಳುಮಾಡುತ್ತವೆ. ಇದನ್ನು ತಡೆಯಲು ಪಾಚಿಯಲ್ಲಿ ಕಿಣ್ವಗಳಿವೆ. ಒಂದು ಕಿಣ್ವ ಸೂಪರಾಕ್ಸೈಡನ್ನು ಪೆರಾಕ್ಸೈಡಾಗಿ ಮಾರ್ಪಡಿಸಿದರೆ, ಮತ್ತೊಂದು ಆ ಪೆರಾಕ್ಸೈಡನ್ನು ನೀರಾಗಿಸುತ್ತದೆ. ನೆಲ್ಲಿಕಾಯಿಯಲ್ಲಿರುವ 'ಸಿ' ಜೀವಸತ್ವವೇ ಇಲ್ಲಿಯೂ ನೆರವಿಗೆ ಬರುತ್ತದೆ. ಉಪ್ಪಿನ ಆಗರಗಳಂತಹ ತೀರ ಉಪ್ಪುನೀರಿನಲ್ಲಿ ಬೆಳೆಯುವ ಡುನಾಲಿಯೆಲ್ಲಾ ಎಂಬ ಹಸಿರು ಪಾಚಿಯಂತೂ ಗಜ್ಜರಿಗೆ ಬಣ್ಣ ಕೊಡುವ ಕೆರೋಟಿನ್ ವಸ್ತುವನ್ನು ತುಂಬಿಕೊಂಡು ಕೆಂಪಾಗುತ್ತದೆ. ಈ ಬಣ್ಣವೇ ಅದಕ್ಕೆ ಬಿಸಿಲಿನ ಕೊಡೆ.

ತಾಮ್ರ ಪಾಚಿಯನ್ನು ಕೊಲ್ಲುವುದೂ ಇದೇ ದಾರಿಯಿಂದ. ಅತ್ಯಲ್ಪ ತಾಮ್ರ ಪಾಚಿಗೆ ಬೇಕೇ ಬೇಕು. ಹೆಚ್ಚಾದರೆ ಅದು ಪೆರಾಕ್ಸೈಡನ್ನು ಇನ್ನಷ್ಟು ಉಗ್ರ ವಸ್ತುವಾಗಿ ಬದಲಿಸುತ್ತದೆ. ಪಾಚಿ ಇದಕ್ಕೂ ಸಿದ್ಧವಾಗಿದೆ. ಗ್ಲುಟಾಥಯೋನ್ ಎಂಬ ಗಂಧಕಯುಕ್ತ ವಸ್ತುವನ್ನು ಬಳಸಿ ಫೈಟೋಕೆಲೇಟಿನ್ ಎಂಬ ಸರಪಳಿಗಳನ್ನು ಹೆಣೆದು ಲೋಹವನ್ನು ಕಟ್ಟಿಹಾಕುತ್ತದೆ. ಈ ಹೆಣಿಗೆಯ ಕಿಣ್ವವನ್ನು ಎಚ್ಚರಿಸುವುದು ಒಳಬಂದ ಲೋಹವೇ! ಕಳ್ಳನೇ ಗಂಟೆ ಬಾರಿಸಿದಂತೆ.

ಹೊಂಡದಲ್ಲಿರುವ ಕೋಟ್ಯಂತರ ಕೋಶಗಳಲ್ಲಿ ಈ ಶಕ್ತಿ ಹೆಚ್ಚಾಗಿರುವ ಕೆಲವು ಮಾತ್ರ ಉಳಿದುಕೊಳ್ಳುತ್ತವೆ. ಮುಂದೆ ಅವುಗಳ ಸಂತತಿಯೇ ಬೆಳೆಯುತ್ತದೆ. ಒಂದೇ ಕೀಟನಾಶಕವನ್ನು ಪದೇ ಪದೇ ಸಿಂಪಡಿಸಿದರೆ ಹುಳು ಬಗ್ಗದಿರುವುದನ್ನು ನಮ್ಮ ರೈತರು ಕಂಡಿದ್ದಾರೆ. ಇಲ್ಲಿಯೂ ಹಾಗೆಯೇ. ನಾವೇ ಗಟ್ಟಿ ತಳಿಯನ್ನು ಆರಿಸಿ ಬೆಳೆಸಿದಂತಾಗುತ್ತದೆ.

ಇದು ಬರಿಯ ಊಹೆಯಲ್ಲ. ಅಮೆರಿಕದ ಮಿನ್ನೆಸೋಟ ರಾಜ್ಯದ ಫೇರ್‌ಮಾಂಟ್ ಕೆರೆಗಳಿಗೆ 58 ವರ್ಷ ಮೈಲುತುತ್ತು ಹಾಕಿದ ಪರಿಣಾಮವನ್ನು ಕುರಿತ ಅಧ್ಯಯನ 1984ರಲ್ಲಿ ಪ್ರಕಟವಾಯಿತು. ಕೆಲವು ಪಾಚಿಗಳು ಹೆಚ್ಚು ತಾಮ್ರವನ್ನು ತಾಳಿಕೊಳ್ಳಲು ಕಲಿತಿದ್ದವು. ಹಸಿರು ಪಾಚಿಯ ಜಾಗವನ್ನು ನೀಲಿ ಹಸಿರು ಪಾಚಿ ಆಕ್ರಮಿಸಿತ್ತು. ತಳದ ಹೂಳಿನಲ್ಲಿ ತಾಮ್ರ ಸೇರಿಕೊಂಡಿತ್ತು. ಒಳ್ಳೆಯ ಜಾತಿಯ ಮೀನುಗಳು ಕಡಿಮೆಯಾಗಿದ್ದವು. ಗದ್ದೆಯಲ್ಲಿ ಸಾರಜನಕ ಕೊಡುವ ನೀಲಿ ಹಸಿರು ಪಾಚಿ ನಮಗೆ ಉಪಕಾರಿ, ನಿಜ. ಆದರೆ ನಿಂತ ನೀರಿನಲ್ಲಿ ಹಬ್ಬುವ ಅದರ ಕೆಲವು ಜಾತಿಗಳು ದನಕರುಗಳಿಗೆ ಮಾರಕವಾದ ವಿಷವನ್ನು ಉತ್ಪಾದಿಸುತ್ತವೆ.

ನಷ್ಟ ಇಷ್ಟಕ್ಕೇ ನಿಲ್ಲುವುದಿಲ್ಲ. ಒಮ್ಮೆಲೇ ಸತ್ತ ಪಾಚಿ ಕೊಳೆಯುವಾಗ ನೀರಿನ ಆಮ್ಲಜನಕ ತೀರಿಹೋಗಿ ಬೆಳಗಾಗುವಷ್ಟರಲ್ಲಿ ಮೀನು ತೇಲಬಹುದು. ತಾಮ್ರದ ವಿಷಕ್ಕೆ ಬಹುಬೇಗ ಈಡಾಗುವ ಸಾಕುಪ್ರಾಣಿ ಕುರಿ. ಅದೇ ಹೊಂಡದಲ್ಲಿ ಕುರಿಗಳು ನೀರು ಕುಡಿಯುವುದಾದರೆ ಯೋಚಿಸಲೇಬೇಕು.

ಅಡಿಕೆಯ ಕೊಳೆರೋಗಕ್ಕೆ ಶೇಕಡ 1ರ ಬೋರ್ಡೊ ದ್ರಾವಣ ಬೇಡವೆಂದು ನಾನು ಹೇಳುತ್ತಿಲ್ಲ. ಅಲ್ಲಿ ರೋಗವೇ ಶತ್ರು. ಆದರೆ ಹೊಂಡದ ಪಾಚಿ ರೋಗವಲ್ಲ, ರೋಗದ ಲಕ್ಷಣ. ಕೊಟ್ಟಿಗೆಯ ಗಂಜಲ, ಹೊಲದಿಂದ ಕೊಚ್ಚಿಬಂದ ರಂಜಕ ಮತ್ತು ಸಾರಜನಕ ಗೊಬ್ಬರವೇ ಅದರ ಆಹಾರ. ಅದನ್ನು ನಿಲ್ಲಿಸದೆ ಮೈಲುತುತ್ತು ಸುರಿಯುವುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತೆ.

ಆದುದರಿಂದ ರೈತ ಬಾಂಧವರು ಕೊಟ್ಟಿಗೆ ತೊಳೆದ ನೀರನ್ನು ಹೊಂಡಕ್ಕೆ ಬಿಡದೆ ತಿಪ್ಪೆಗೆ ತಿರುಗಿಸಲಿ. ಹೊಂಡದ ಸುತ್ತ ಹುಲ್ಲಿನ ಪಟ್ಟಿ ಬೆಳೆಸಲಿ. ಹರಿದು ಬರುವ ಮಣ್ಣು, ಗೊಬ್ಬರ ಅಲ್ಲೇ ತಂಗುತ್ತದೆ. ನೀರಿಗೆ ನೆರಳು ಮಾಡಿದರೆ ಪಾಚಿಯ ಬೆಳವಣಿಗೆ ಕುಗ್ಗುತ್ತದೆ. ಎಳೆಎಳೆಯಾಗಿ ತೇಲುವ ಪಾಚಿಯನ್ನು ಬಲೆಯಿಂದ ಎಳೆದು ಕಾಂಪೋಸ್ಟ್ ಗುಂಡಿಗೆ ಹಾಕಿದರೆ ಹೊಲದಿಂದ ಹೋದ ಸಾರ ಹೊಲಕ್ಕೇ ಮರಳುತ್ತದೆ. ಮೈಲುತುತ್ತು ಹಾಕಿದ ಪಾಚಿಯಿಂದ ಈ ಲಾಭವಿಲ್ಲ. ಅದು ಕೊಳೆತು ತಾನು ಹೀರಿದ ಸಾರವನ್ನು ನೀರಿಗೇ ಬಿಡುತ್ತದೆ, ಮುಂದಿನ ಪಾಚಿಗೆ ಅದೇ ಗೊಬ್ಬರ.

ವಿಷದೊಡನೆ ಸೆಣಸುವುದು ಪಾಚಿಗೆ ಹೊಸದಲ್ಲ. ಆಹಾರವಿಲ್ಲದೆ ಬದುಕುವುದು ಮಾತ್ರ ಅದಕ್ಕೆ ಸಾಧ್ಯವಿಲ್ಲ. ನಮ್ಮ ಪ್ರಯತ್ನವೆಲ್ಲ ಆ ಕಡೆಗೇ ಇರಲಿ.