ಕಲ್ಪಿತ ದ್ವೀಪಕ್ಕೆ ಕಾನೂನೇಕೆ?

ಈ ಪತ್ರಿಕೆಯ ಕಳೆದ ಸಂಚಿಕೆಯಲ್ಲಿ ನಮ್ಮ ಸಂಘದ ಬೇಸಗೆಯ ಶಿಬಿರವನ್ನು ಕುರಿತ ಖಂಡನಲೇಖನವೊಂದು ಪ್ರಕಟವಾಗಿರುವುದನ್ನು ವಾಚಕರು ನೋಡಿಯೇ ಇರುವರು. ಮಕ್ಕಳಿಂದ ಇಲ್ಲದ ಒಂದು ದ್ವೀಪವನ್ನು ಕಲ್ಪಿಸಿ, ಅದಕ್ಕೆ ಪ್ರಾಂತಗಳನ್ನೂ ಕಾನೂನುಗಳನ್ನೂ ಸರ್ಕಾರವನ್ನೂ ಬರೆಯಿಸುವ ವಾಡಿಕೆ ಆ ಶಿಬಿರದಲ್ಲಿ ಏಳೆಂಟು ವರ್ಷಗಳಿಂದ ನಡೆದುಬಂದಿದೆಯಷ್ಟೆ. ಇದು ಬರಿಯ ಕಾಲಹರಣವೆಂದೂ, ಇರುವ ದೇಶದ ಭೂಗೋಳವೇ ಬಾರದ ಹುಡುಗರಿಗೆ ಇಲ್ಲದ ದೇಶದ ಭೂಗೋಳವೇತಕ್ಕೆಂದೂ, ಸುಳ್ಳನ್ನು ಕಟ್ಟಲು ಕಲಿಸುವುದು ವಿದ್ಯೆಯಲ್ಲವೆಂದೂ, ಮುಂದಿನ ವರ್ಷದಿಂದ ಇದನ್ನು ನಿಲ್ಲಿಸಿ ಆ ಹೊತ್ತಿನಲ್ಲಿ ತಾಲ್ಲೂಕುಗಳ ಹೆಸರನ್ನು ಬಾಯಿಪಾಠ ಮಾಡಿಸಬೇಕೆಂದೂ ಲೇಖಕ ಮಹಾಶಯರು ಅಪ್ಪಣೆ ಕೊಡಿಸಿದ್ದಾರೆ. ಕಾರ್ಯಕಾರಿ ಸಮಿತಿಯ ಮುಂದೆ ಈ ಸಲಹೆ ಬರಲಿರುವುದೆಂದೂ ಕೇಳಿದ್ದೇನೆ. ಆ ವಾಡಿಕೆಯನ್ನು ಆರಂಭಿಸಿದ ಅಪರಾಧಿ ನಾನೇ ಆದಕಾರಣ ನಾನು ಸುಮ್ಮನಿರುವುದು ತಕ್ಕುದಲ್ಲ.

ಪೂರ್ವಪಕ್ಷವನ್ನು ಕುಗ್ಗಿಸಿ ಹೇಳಿ ಖಂಡಿಸುವುದು ಶಾಸ್ತ್ರಮರ್ಯಾದೆಯಲ್ಲವೆಂದು ಪಾಠಶಾಲೆಯಲ್ಲಿ ನಮ್ಮ ಗುರುಗಳು ಹೇಳುತ್ತಿದ್ದರು. ಆದ್ದರಿಂದ ಲೇಖಕರ ಮಾತಿನಲ್ಲಿ ಹುರುಳಿರುವ ಭಾಗವನ್ನು ಮೊದಲೇ ಒಪ್ಪಿಬಿಡುತ್ತೇನೆ. ಶಿಬಿರದ ಮೊದಲನೆಯ ದಿನ ಮಕ್ಕಳು ಮಾಡುವ ಕೆಲಸ ನಿಜವಾಗಿಯೂ ಗಾಳಿಗೋಪುರವೇ. ಕರಾವಳಿಯ ಗೆರೆಯನ್ನು ಅಂಕುಡೊಂಕಾಗಿ ಎಳೆಯುತ್ತಾರೆ. ಬಾವುಟಕ್ಕೆ ಬಣ್ಣ ಬಳಿಯುತ್ತಾರೆ. ನಾಣ್ಯದ ಮೇಲೆ ತಮ್ಮ ಮುಖವನ್ನೇ ಬರೆದುಕೊಳ್ಳುತ್ತಾರೆ. ಪ್ರತಿಯೊಬ್ಬನೂ ರಾಜ, ಪ್ರತಿಯೊಬ್ಬಳೂ ರಾಣಿ. ಅಲ್ಲಿಗೇ ಮುಗಿಯುವುದಾದರೆ ತಾಲ್ಲೂಕುಗಳ ಬಾಯಿಪಾಠವೇ ಲೇಸು. ಆದರೆ ಅದು ಅಲ್ಲಿಗೆ ಮುಗಿಯುವುದಿಲ್ಲ. ದ್ವೀಪವನ್ನು ಬರೆಯುವುದು ಸುಲಭ. ಆ ದ್ವೀಪದ ಕಾನೂನನ್ನು ಬರೆಯುವುದು ಸುಲಭವಲ್ಲ. ಲೇಖಕರ ಕಣ್ಣಿಗೆ ಬಿದ್ದಿರುವುದು ಮೊದಲನೆಯ ದಿನದ ಬಾವುಟ ಮಾತ್ರ.

ದ್ವೀಪಕಲ್ಪನೆಯು ಪರದೇಶದ ಸರಕೆಂಬಂತೆ ಲೇಖಕರು ಹಂಗಿಸಿದ್ದಾರೆ. ವಿಷ್ಣುಪುರಾಣದ ದ್ವಿತೀಯಾಂಶವನ್ನು ಅವರು ಒಮ್ಮೆ ತೆರೆದು ನೋಡಬೇಕು. ಜಂಬೂ, ಪ್ಲಕ್ಷ, ಶಾಲ್ಮಲ, ಕುಶ, ಕ್ರೌಂಚ, ಶಾಕ, ಪುಷ್ಕರವೆಂದು ಏಳು ದ್ವೀಪಗಳು. ಉಪ್ಪುನೀರು, ಕಬ್ಬಿನಹಾಲು, ಮದ್ಯ, ತುಪ್ಪ, ಮೊಸರು, ಹಾಲು, ಸಿಹಿನೀರೆಂದು ಏಳು ಸಮುದ್ರಗಳು. ವರ್ಷಗಳು, ಪರ್ವತಗಳು, ನದಿಗಳು, ಜನರ ಪಂಗಡಗಳು ಎಲ್ಲವೂ ಹೆಸರು ಹೆಸರಾಗಿ, ಶಾನುಭೋಗರ ಕಡತದಂತೆ. ಇವನ್ನು ನಂಬುವವರು ನಂಬಲಿ, ಸಂಕೇತವೆನ್ನುವವರು ಸಂಕೇತವೆನ್ನಲಿ. ನನಗೆ ಇಲ್ಲಿ ಬೇಕಾದುದು ಕೊನೆಯ ದ್ವೀಪವಾದ ಪುಷ್ಕರದ ವಿಷಯದಲ್ಲಿ ಪುರಾಣಕಾರರು ಹೇಳುವ ಸಂಗತಿ. ಆ ದ್ವೀಪದಲ್ಲಿ ವೇದತ್ರಯಿ ಇಲ್ಲ, ಕೃಷಿ ವಾಣಿಜ್ಯಗಳೆಂಬ ವಾರ್ತೆಯಿಲ್ಲ, ದಂಡನೀತಿಯಿಲ್ಲ, ಒಬ್ಬರು ಇನ್ನೊಬ್ಬರ ಸೇವೆ ಮಾಡುವುದೂ ಇಲ್ಲ. ಏತಕ್ಕೆ ಬೇಕು? ಅಲ್ಲಿ ಷಡ್ರಸದ ಊಟವು ತಾನಾಗಿಯೇ ಎದುರಿಗೆ ಬಂದು ನಿಲ್ಲುತ್ತದೆ. ಅನ್ನವು ತಾನಾಗಿ ಬರುವ ಕಡೆ ಸರ್ಕಾರ ಬೇಡ. ಅದನ್ನು ಯಾರಾದರೊಬ್ಬರು ಬೆಳೆದು, ಮತ್ತೊಬ್ಬರು ಬೇಯಿಸಿ, ಇನ್ನೊಬ್ಬರು ಎಲೆ ತೆಗೆಯಬೇಕಾದ ಕಡೆ ಬೇಕೇ ಬೇಕು.

ಜೈನರ ಪುರಾಣವು ಇದನ್ನು ಇನ್ನೂ ಬಿಡಿಸಿ ತೋರಿಸುತ್ತದೆ. ಜಿನಸೇನಾಚಾರ್ಯರ ಆದಿಪುರಾಣವು ನಮ್ಮ ಪಂಪನು 941ರಲ್ಲಿ ರಚಿಸಿದ ಆದಿಪುರಾಣಕ್ಕೆ ಮೂಲ. ಬೇಡಿದ್ದನ್ನು ಕೊಡುತ್ತಿದ್ದ ಕಲ್ಪವೃಕ್ಷಗಳು ಕುಂದುತ್ತ ಬಂದಾಗ ಜನರು ಮರಗಳಿಗಾಗಿ ಜಗಳಕ್ಕೆ ನಿಂತರೆಂದೂ, ಆಗ ಸೀಮಂಕರನೆಂಬ ಕುಲಕರನು ಎಲ್ಲೆಗಳನ್ನು ಗೊತ್ತುಮಾಡಿದನೆಂದೂ ಅಲ್ಲಿದೆ. ಪ್ರಾಂತವೆಂಬುದು ಹುಟ್ಟಿದ್ದು ಕೊರತೆಯಿಂದ! ದಂಡನೆಗಳೂ ಹಾಗೆಯೇ: ಮೊದಲು ‘ಹಾ’ ಎಂದರೆ ಸಾಕಾಗುತ್ತಿತ್ತು, ಆಮೇಲೆ ‘ಮಾ’ ಎನ್ನಬೇಕಾಯಿತು, ಕೊನೆಗೆ ‘ಧಿಕ್’ ಎನ್ನಬೇಕಾಯಿತು. ಅಯ್ಯೋ, ಬೇಡ, ಛೀ ಎಂಬ ಮೂರು ಮಾತುಗಳಲ್ಲಿ ಮುಗಿದ ಇಷ್ಟು ಚಿಕ್ಕ ದಂಡಸಂಹಿತೆಯನ್ನು ನಾನು ಬೇರೆಲ್ಲಿಯೂ ಕಂಡಿಲ್ಲ.

ಇನ್ನು ಪರದೇಶದವರನ್ನು ನೋಡೋಣ. ಈ ಬಗೆಯ ಗ್ರಂಥಗಳಿಗೆಲ್ಲ ಹೆಸರು ಕೊಟ್ಟ ತಾಮಸ್ ಮೋರನ ‘ಯುಟೋಪಿಯಾ’ 1516ರಲ್ಲಿ ಲ್ಯಾಟಿನ್ ಭಾಷೆಯಲ್ಲಿ ಲೂವೆನ್ ಪಟ್ಟಣದಲ್ಲಿ ಅಚ್ಚಾಯಿತು. ಬಿದಿಗೆಯ ಚಂದ್ರನಂತೆ ಬಾಗಿದ ದ್ವೀಪ. ಒಂದೇ ನುಡಿ, ಒಂದೇ ಕಾನೂನು ಇರುವ 54 ಪಟ್ಟಣಗಳು. ಮೂವತ್ತು ಮನೆಗಳಿಗೆ ಒಬ್ಬ ಅಧಿಕಾರಿ ವರ್ಷವರ್ಷವೂ ಚುನಾಯಿತನಾಗುತ್ತಾನೆ. ಅಂತಹ ಇನ್ನೂರು ಮಂದಿ ಸೇರಿ ಗುಪ್ತಮತದಿಂದ ಪ್ರಭುವನ್ನು ಆರಿಸುತ್ತಾರೆ. ದಿನಕ್ಕೆ ಆರೇ ಗಂಟೆಯ ದುಡಿಮೆ. ವಕೀಲರಿಲ್ಲ. ಯಾವ ವಿಷಯವನ್ನೂ ಅದು ಮಂಡಿತವಾದ ದಿನವೇ ಸಭೆ ಚರ್ಚಿಸಕೂಡದು. ಆಡಿಬಿಟ್ಟ ಮಾತನ್ನು ಸಮರ್ಥಿಸಿಕೊಳ್ಳುವ ಹಟದಲ್ಲಿ ಜನಹಿತ ಕೆಡುತ್ತದೆಂದು. (ನಮ್ಮ ಕಾರ್ಯಕಾರಿ ಸಮಿತಿಯು ಇದೊಂದು ಕಾನೂನನ್ನಾದರೂ ಎರವಲು ತರಬಹುದು.)

ಓದುತ್ತ ಹೋದಂತೆ ಮನಸ್ಸು ತಣಿಯುತ್ತದೆ. ಆಮೇಲೆ ಒಂದು ಕಡೆ ಕಾಲು ಎಡವುತ್ತದೆ. ಆ ದ್ವೀಪದವರು ಮಾಂಸವನ್ನು ತಿನ್ನುತ್ತಾರೆ, ಪ್ರಾಣಿಯನ್ನು ಕೊಲ್ಲುವುದಿಲ್ಲ. ಕೊಂದರೆ ಕರುಣೆ ಕುಂದೀತೆಂಬ ಅಂಜಿಕೆ. ಹಾಗಾದರೆ ಕೊಲ್ಲುವವರು ಯಾರು? ದಾಸರು. ದಾಸರ ಕರುಣೆ ಕುಂದಿದರೆ ಚಿಂತೆಯಿಲ್ಲ! ಅವರ ಕಾಲಿಗೆ ಹಾಕುವ ಬೇಡಿಯು ಚಿನ್ನದ್ದೆಂಬುದು ಗ್ರಂಥದ ಚಮತ್ಕಾರ. ಅಪ್ಪಣೆಯ ಚೀಟಿಯಿಲ್ಲದೆ ತನ್ನ ಪ್ರಾಂತದ ಎಲ್ಲೆಯನ್ನು ಎರಡು ಸಲ ದಾಟಿದವನಿಗೂ ದಾಸ್ಯವೇ ಗತಿ. ಸಭೆಯ ಹೊರಗೆ ರಾಜ್ಯದ ವಿಚಾರವನ್ನು ಆಲೋಚಿಸಿದವನಿಗೆ ಮರಣದಂಡನೆ. ಮೋರನು ಇದನ್ನು ಮೆಚ್ಚಿ ಬರೆದನೋ ಅಣಕಿಸಿ ಬರೆದನೋ ಎಂದು ಪಂಡಿತರು ಐನೂರು ವರ್ಷಗಳಿಂದ ವಾದಿಸುತ್ತಿದ್ದಾರೆ. 1535ರಲ್ಲಿ ಅವನ ತಲೆಯೇ ರಾಜಾಜ್ಞೆಯಿಂದ ಹೋಯಿತು. ವಾದವು ಹೇಗೇ ತೀರಲಿ, ಕಾನೂನುಗಳನ್ನು ಅಷ್ಟು ವಿವರವಾಗಿ ಅವನು ಬರೆಯದೆ ಬರಿಯ ‘ಸುಖದ ನಾಡು’ ಎಂದು ಬರೆದಿದ್ದರೆ ಆ ದಾಸರು ನಮ್ಮ ಕಣ್ಣಿಗೆ ಬೀಳುತ್ತಲೇ ಇರಲಿಲ್ಲ.

ಕಾನೂನನ್ನು ಬರೆಯದೆ ತಪ್ಪಿಸಿಕೊಂಡವನ ಕಥೆಯೂ ಉಂಟು. ಫ್ರಾನ್ಸಿಸ್ ಬೇಕನ್ ಎಂಬವನು ಇಂಗ್ಲೆಂಡಿನ ಪ್ರಧಾನ ನ್ಯಾಯಾಧಿಕಾರಿಯಾಗಿ ಲಾರ್ಡ್ ಛಾನ್ಸಲರ್ ಪದವಿಯಲ್ಲಿದ್ದವನು. ಅವನ ‘ನ್ಯೂ ಅಟ್ಲಾಂಟಿಸ್’ ಅವನು ಸತ್ತ ಮರುವರ್ಷ, 1627ರಲ್ಲಿ, ಅಪೂರ್ಣವಾಗಿಯೇ ಹೊರಬಂದಿತು. ಬೆನ್ಸಲೇಮ್ ಎಂಬ ದ್ವೀಪ. ಅಲ್ಲಿ ಪ್ರಕೃತಿಯ ರಹಸ್ಯಗಳನ್ನು ಶೋಧಿಸುವ ದೊಡ್ಡ ವಿದ್ಯಾಲಯ. ಆ ದ್ವೀಪಕ್ಕೆ ಉತ್ತಮ ರಾಜ್ಯಪದ್ಧತಿಯನ್ನೂ ಕಾನೂನುಗಳನ್ನೂ ಬರೆಯಬೇಕೆಂದು ಅವನಿಗೆ ಮನಸ್ಸಿತ್ತಂತೆ. ಅದು ದೀರ್ಘವಾದ ಕೆಲಸವೆಂದು ಕಂಡು ಬೇರೆ ಗ್ರಂಥದ ಕಡೆಗೆ ಹೊರಳಿದನೆಂದು ಪ್ರಕಾಶಕನಾದ ಅವನ ಪುರೋಹಿತನೇ ಮುನ್ನುಡಿಯಲ್ಲಿ ಹೇಳಿದ್ದಾನೆ. ದೇಶಕ್ಕೆಲ್ಲ ನ್ಯಾಯ ಹೇಳಿದವನಿಗೆ ಒಂದು ಕಲ್ಪಿತ ದ್ವೀಪದ ಕಾನೂನು ಭಾರವಾಯಿತು! ಆ ದ್ವೀಪದ ಅಧಿಕಾರಿಯೊಬ್ಬನು ಕಾಣಿಕೆಯನ್ನು ನಿರಾಕರಿಸಿ, ಒಂದೇ ಕೆಲಸಕ್ಕೆ ಎರಡು ಸಲ ಕೂಲಿ ಪಡೆಯಲಾರೆನೆನ್ನುತ್ತಾನೆ. ಸೊಗಸಾದ ಮಾತು. ಆದರೆ ಇದನ್ನು ಬರೆದ ಬೇಕನ್ನನು ಕಕ್ಷಿಗಾರರಿಂದ ಕಾಣಿಕೆ ತೆಗೆದುಕೊಂಡ ಆರೋಪವನ್ನು ಒಪ್ಪಿಕೊಂಡು 1621ರಲ್ಲಿ ಪದಚ್ಯುತನಾಗಿದ್ದವನು. ಲಂಚ ಮುಟ್ಟದ ಅಧಿಕಾರಿಯನ್ನು ಕಲ್ಪಿಸಿದನು. ಅಂತಹವನನ್ನು ನೇಮಿಸುವ, ಪರೀಕ್ಷಿಸುವ, ತಪ್ಪಿದರೆ ಹಿಡಿಯುವ ಕ್ರಮವನ್ನು ಮಾತ್ರ ಬರೆಯಲಿಲ್ಲ. ಅದನ್ನು ಬರೆಯತಕ್ಕ ಅನುಭವ ಅವನಿಗಿಂತ ಯಾರಿಗಿತ್ತು?

ಸುಳ್ಳಿನ ಆಕ್ಷೇಪಕ್ಕೆ ಬರುತ್ತೇನೆ. ಕಲ್ಪನೆಗೂ ಸುಳ್ಳಿಗೂ ಇರುವ ಅಂತರವನ್ನು ತಿಳಿಯಲು ಜಾರ್ಜ್ ಸಾಲ್ಮನಜಾರ್ ಎಂಬ ಹೆಸರಿಟ್ಟುಕೊಂಡವನ ಕಥೆ ಸಾಕು. ಇವನು ತಾನು ಫಾರ್ಮೋಸಾ ದ್ವೀಪದವನೆಂದು ಹೇಳಿಕೊಂಡು, 1704ರಲ್ಲಿ ಲಂಡನ್ನಿನಲ್ಲಿ ಆ ದ್ವೀಪದ ವರ್ಣನೆಯನ್ನು ಅಚ್ಚುಹಾಕಿಸಿದನು. ಲಿಪಿ, ನಾಣ್ಯ, ಉಡುಪು, ಕಾನೂನು, ವರ್ಷಕ್ಕೆ ಹದಿನೆಂಟು ಸಾವಿರ ಹುಡುಗರ ಬಲಿ, ಎಲ್ಲವೂ ಅವನ ತಲೆಯಿಂದಲೇ ಹೊರಟದ್ದು. ಫಾರ್ಮೋಸಾವನ್ನು ಅವನು ಕಣ್ಣಿನಿಂದ ಕಂಡವನೇ ಅಲ್ಲ. ತನ್ನ ಮೋಸವನ್ನು ಒಪ್ಪಿಕೊಂಡು ಬರೆದಿಟ್ಟ ಆತ್ಮಕಥೆ ಅವನು ಸತ್ತ ಮೇಲೆ 1764ರಲ್ಲಿ ಹೊರಬಂದಿತು. ಇದು ಸುಳ್ಳು: ಇರುವ ದ್ವೀಪದ ಇರುವ ಜನರ ತಲೆಗೆ ಇಲ್ಲದ ಪಾಪವನ್ನು ಕಟ್ಟಿದ್ದು. ನಮ್ಮ ಮಕ್ಕಳ ದ್ವೀಪದ ಹಣೆಯ ಮೇಲೆಯೇ ‘ಇಲ್ಲ’ವೆಂದು ಬರೆದಿದೆ, ಮೋರನ ದ್ವೀಪದ ಹೆಸರಿಗೂ ‘ಎಲ್ಲಿಯೂ ಇಲ್ಲದ ಸ್ಥಳ’ವೆಂದೇ ಅರ್ಥ.

ಈಗ ಶಿಬಿರದ ಮಾತು. ಮೂರನೆಯ ವರ್ಷ ಮಕ್ಕಳು ದ್ವೀಪವನ್ನು ಮಲೆ, ಬಯಲು, ಕರಾವಳಿ ಎಂದು ಮೂರು ಪ್ರಾಂತಗಳಾಗಿ ಹಂಚಿಕೊಂಡಿದ್ದರು. ನದಿ ಒಂದೇ. ಎರಡನೆಯ ದಿನದ ಸಂಜೆ ಮಲೆಯವರು ತಮ್ಮ ಮೊದಲನೆಯ ಕಾನೂನನ್ನು ಓದಿದರು: ‘ನಮ್ಮಲ್ಲಿ ಬಿದ್ದ ಮಳೆ ನಮ್ಮದು.’ ಬಯಲಿನ ಹುಡುಗಿಯೊಬ್ಬಳು ಎದ್ದು ‘ಹಾಗಾದರೆ ನಮ್ಮಲ್ಲಿ ಬೆಳೆದ ಭತ್ತ ನಮ್ಮದು’ ಎಂದಳು. ಕರಾವಳಿಯವರು ಉಪ್ಪನ್ನು ಕಳಿಸುವುದಿಲ್ಲವೆಂದರು. ಊಟದ ಗಂಟೆ ಹೊಡೆದರೂ ಜಗಳ ನಿಲ್ಲಲಿಲ್ಲ. ಮರುದಿನ ಪ್ರಾಂತಕ್ಕೆ ಇಬ್ಬರಂತೆ ಕುಳಿತು, ಮಳೆ ಬಂದ ವರ್ಷಕ್ಕೆ ಒಂದು ಲೆಕ್ಕ, ಬಾರದ ವರ್ಷಕ್ಕೆ ಇನ್ನೊಂದು ಲೆಕ್ಕವೆಂದು ಬರೆದರು. ಆದರೆ ಈ ವರ್ಷ ಮಳೆ ಬಂದಿದೆಯೋ ಇಲ್ಲವೋ ಎಂದು ಹೇಳುವವರು ಯಾರು? ಈ ಪ್ರಶ್ನೆಗೆ ಇನ್ನೂ ಒಂದು ದಿನ ಹಿಡಿಯಿತು. ಕಾವೇರಿಯ ವಿಷಯದಲ್ಲಿ ಮೈಸೂರು ಮದ್ರಾಸುಗಳ ನಡುವೆ 1892ರಲ್ಲಿ ಒಂದು ಒಪ್ಪಂದ, 1924ರಲ್ಲಿ ಇನ್ನೊಂದು. 1990ರಲ್ಲಿ ನ್ಯಾಯಾಧಿಕರಣ, 2007ರಲ್ಲಿ ಅದರ ತೀರ್ಪು, 2018ರಲ್ಲಿ ಸರ್ವೋಚ್ಚ ನ್ಯಾಯಾಲಯದ ತೀರ್ಪು. ಹಿರಿಯರಿಗೆ ಇಷ್ಟು ಕಾಲ ಹಿಡಿದ ವಿಷಯವು ಹುಡುಗರಿಗೆ ಮೂರು ದಿನದಲ್ಲಿ ಬಗೆಹರಿಯಿತೆಂದು ನಾನು ಹೇಳುವುದಿಲ್ಲ. ಅದು ಏಕೆ ಬಗೆಹರಿಯುವುದಿಲ್ಲವೆಂದು ಅವರಿಗೆ ತಿಳಿಯಿತು.

ಕಾನೂನುಗಳೆಲ್ಲ ಮುಗಿದ ಮೇಲೆ ನಾನು ಒಂದು ಮಡಕೆಯಲ್ಲಿ ಚೀಟಿಗಳನ್ನು ಹಾಕಿ ಎತ್ತಿಸುತ್ತೇನೆ. ಮಂತ್ರಿ, ಗೇಣಿಯ ರೈತ, ಅಂಬಿಗ, ವಿಧವೆ, ಸೆರೆಯಾಳು, ನಿನ್ನೆ ತಾನೇ ದೋಣಿಯಿಂದ ಇಳಿದ ಪರದೇಶಿ. ಕೈಗೆ ಬಂದ ಚೀಟಿಯವನಾಗಿ ತನ್ನ ಕಾನೂನನ್ನು ತಾನೇ ಮತ್ತೊಮ್ಮೆ ಓದಬೇಕು. (ಅಮೆರಿಕದ ಜಾನ್ ರಾಲ್ಸ್ ಎಂಬ ತತ್ತ್ವಜ್ಞರು ಇಂತಹ ವಿಚಾರವನ್ನೇ 1971ರಲ್ಲಿ ದೊಡ್ಡ ಗ್ರಂಥವಾಗಿ ಬರೆದಿರುವರು, ನನ್ನದು ಮಡಕೆಯ ಮಟ್ಟದ್ದು.) ಸೂರ್ಯಾಸ್ತವಾದ ಮೇಲೆ ದೋಣಿಗಳು ನೀರಿಗಿಳಿಯಕೂಡದೆಂದು ಬರೆದಿದ್ದ ‘ರಾಜ’ನಿಗೆ ಅಂಬಿಗನ ಚೀಟಿ ಬಂದಿತು. ‘ಮೇಷ್ಟ್ರೇ, ಮೀನು ಸಿಗುವುದು ರಾತ್ರಿಯಲ್ಲವೇ?’ ಎಂದು ಕೇಳಿ, ಯಾರೂ ಹೇಳದೆಯೇ ಆ ಸಾಲನ್ನು ಹೊಡೆದುಹಾಕಿದನು.

ಅದೇ ಸಂಜೆ ಇನ್ನೊಬ್ಬ ಹುಡುಗನಿಗೆ ‘ಕಕ್ಕಸಿನ ಗುಂಡಿ ಬಳಿಯುವವನು’ ಎಂಬ ಚೀಟಿ ಬಂದಿತು. ಸಾವಿರ ಮನೆಗಳ ರಾಜಧಾನಿಯನ್ನು ಅವರು ಬರೆದಿದ್ದರು. ಈ ಮನುಷ್ಯನನ್ನು ಬರೆದಿರಲಿಲ್ಲ. ಮತ್ತೊಬ್ಬನು ಥಟ್ಟನೆ, ನಮ್ಮ ದೇಶದಲ್ಲಿ 2013ರ ಕಾನೂನಿನಂತೆ ಇದನ್ನು ಮನುಷ್ಯರಿಂದ ಮಾಡಿಸುವುದು ನಿಷಿದ್ಧವೆಂದನು. ‘ನಿಷೇಧ ಮಾಡಿದರೆ ಗುಂಡಿ ತುಂಬುವುದು ನಿಲ್ಲುತ್ತದೆಯೇ?’ ಎಂದಳು ಬಯಲಿನ ಹುಡುಗಿ. ಚೀಟಿ ಹಿಡಿದ ಹುಡುಗನು ಬಹಳ ಹೊತ್ತು ಭೂಪಟವನ್ನೇ ನೋಡುತ್ತಿದ್ದು, ‘ಇವನ ಮನೆ ಯಾವ ಪ್ರಾಂತದಲ್ಲಿದೆ?’ ಎಂದು ಕೇಳಿದನು. ಮೂರು ಪ್ರಾಂತಗಳಲ್ಲಿಯೂ ಇರಲಿಲ್ಲ. ದಂಡನೀತಿಯ ಹೆಸರನ್ನು ಹನ್ನೆರಡನೆಯ ವಯಸ್ಸಿಗೇ ಬಾಯಿಪಾಠ ಮಾಡಿದ್ದ ನನಗೆ ಆ ಪ್ರಶ್ನೆಯು ನಲವತ್ತು ದಾಟುವವರೆಗೆ ಹೊಳೆದಿರಲಿಲ್ಲವೆಂಬುದನ್ನು ಇಲ್ಲಿ ಒಪ್ಪಿಕೊಳ್ಳುತ್ತೇನೆ. ನಮ್ಮೂರಿನ ಭೂಪಟದಲ್ಲಿ ಆ ಮನೆಗಳು ಇದ್ದವು. ನಾವು ಆ ಬೀದಿಯಲ್ಲಿ ನಡೆಯುತ್ತಿರಲಿಲ್ಲ.

ತಾಲ್ಲೂಕುಗಳ ಹೆಸರನ್ನು ಮಕ್ಕಳಿಗೆ ಕಲಿಸಬಾರದೆಂದು ನಾನೆಲ್ಲಿ ಹೇಳಿದೆ? ಬೆಳಗಿನ ಹೊತ್ತು ಅದಕ್ಕೇ ಇರಲಿ. ಬೇಕಾದರೆ ನಾನೇ ಒಪ್ಪಿಸಿಕೊಳ್ಳುತ್ತೇನೆ. ದ್ವೀಪದ ಹೊತ್ತನ್ನು ಕಿತ್ತುಕೊಳ್ಳಬಾರದೆಂಬುದಷ್ಟೇ ಸಮಿತಿಯವರಲ್ಲಿ ನನ್ನ ಬಿನ್ನಹ. ಸಲಹೆಯು ಮಂಡಿತವಾದ ದಿನವೇ ತೀರ್ಮಾನ ಮಾಡದಿರುವುದು ಇನ್ನೂ ಒಳ್ಳೆಯದು. ಅಷ್ಟರಲ್ಲಿ ಲೇಖಕ ಮಹಾಶಯರು ಶಿಬಿರಕ್ಕೆ ಒಂದು ಸಂಜೆಯಾದರೂ ದಯಮಾಡಿಸಬೇಕು. ಮಡಕೆಯಲ್ಲಿ ಅವರಿಗೂ ಒಂದು ಚೀಟಿ ಇರುತ್ತದೆ. ಅದರಲ್ಲಿ ಏನಿದೆಯೆಂಬುದು ನನಗೂ ಗೊತ್ತಿರುವುದಿಲ್ಲ. ಈ ವರ್ಷದಿಂದ ಚೀಟಿಗಳನ್ನು ಮಕ್ಕಳೇ ಬರೆಯುತ್ತಾರೆ.