ಭಾಷೆ ಸೇರಿಸೋದು ಸುಲಭ, ಸಾಕೋರು ಯಾರು?

ಸರ್ವರ್‌ಲೆಸ್ ಅಂದಾಕ್ಷಣ ಸರ್ವರೇ ಇಲ್ಲ ಅಂತ ಅರ್ಥವಲ್ಲ. ಸರ್ವರ್ ಇದ್ದೇ ಇರುತ್ತದೆ. ಅದನ್ನು ನೋಡಿಕೊಳ್ಳುವ ಗೋಜು ಪ್ರೋಗ್ರಾಂ ಬರೆಯುವವರಿಗೆ ಇರುವುದಿಲ್ಲ, ಅಷ್ಟೆ. ಪುಟ್ಟದೊಂದು ಫಂಕ್ಷನ್ ಬರೆದು ಕೊಟ್ಟರೆ, ಬೇಕಾದಾಗ ಪ್ಲಾಟ್‌ಫಾರ್ಮ್ ಅದನ್ನು ಎಬ್ಬಿಸಿ ಕೆಲಸ ಮಾಡಿಸುತ್ತದೆ, ಮುಗಿದ ಮೇಲೆ ಮಲಗಿಸುತ್ತದೆ. ಆದರೆ ಆ ಫಂಕ್ಷನ್ ಯಾವ ಪ್ರೋಗ್ರಾಮಿಂಗ್ ಭಾಷೆಯಲ್ಲಿರಬೇಕು? ಅದನ್ನು ತೀರ್ಮಾನಿಸೋರು ಯಾರು? ನೋಡೋಕೆ ತಾಂತ್ರಿಕ ಅನ್ನಿಸುವ ಈ ಪ್ರಶ್ನೆಯೊಳಗೆ ದುಡ್ಡು ಮತ್ತು ಅಧಿಕಾರದ ಪ್ರಶ್ನೆಯೂ ಇದೆ ಎಂಬುದು ನನ್ನ ವಾದ.

2014ರ ನವೆಂಬರ್‌ನಲ್ಲಿ ಅಮೆಜಾನ್ ತನ್ನ ಲ್ಯಾಂಬ್ಡಾ ಸೇವೆಯನ್ನು ಪ್ರಕಟಿಸಿದಾಗ ಅಲ್ಲಿದ್ದದ್ದು ನೋಡ್.ಜೆಎಸ್ ಒಂದೇ. ಗೋ ಭಾಷೆಯವರು ಅಧಿಕೃತ ಬೆಂಬಲಕ್ಕಾಗಿ 2018ರ ಜನವರಿವರೆಗೆ ಕಾಯಬೇಕಾಯಿತು. ನಿಮ್ಮ ಭಾಷೆಯನ್ನು ನೀವೇ ಜೋಡಿಸಿಕೊಳ್ಳಿ ಎಂಬ ಅಧಿಕೃತ ಬಾಗಿಲು ತೆರೆದದ್ದು ಅದೇ ವರ್ಷದ ನವೆಂಬರ್‌ನಲ್ಲಿ. ಮನೆ ಕಂಪನಿಯದು, ಬೀಗದ ಕೈಯೂ ಕಂಪನಿಯದು.

ಓಪನ್ ಸೋರ್ಸ್ ಇದಕ್ಕೆ ಉತ್ತರ ಅಂತ ನಾವು ಸಾಮಾನ್ಯವಾಗಿ ಹೇಳುತ್ತೇವೆ. ಒಂದು ಮಟ್ಟಿಗೆ ಅದು ನಿಜವೂ ಹೌದು. ಐಬಿಎಂ 2016ರಲ್ಲಿ ಮುಕ್ತವಾಗಿ ತೆರೆದಿಟ್ಟ, ಆಮೇಲೆ ಅಪಾಚೆ ಪ್ರತಿಷ್ಠಾನದ ಯೋಜನೆಯಾದ ಓಪನ್‌ವಿಸ್ಕ್ ನೋಡಿ. ಅಲ್ಲಿ ಹೊಸ ಭಾಷೆ ಸೇರಿಸಲು ಯಾರ ಮುಲಾಜೂ ಬೇಕಿಲ್ಲ. ಒಂದು ಡಾಕರ್ ಕಂಟೇನರ್, ಅದರೊಳಗೆ 8080ನೇ ಪೋರ್ಟ್‌ನಲ್ಲಿ ಕಿವಿಗೊಟ್ಟು ಕೂತ ಪುಟ್ಟ ಎಚ್‌ಟಿಟಿಪಿ ಸರ್ವರ್. ಅದಕ್ಕೆ ಎರಡೇ ವಿಳಾಸ. 'ಇನಿಟ್' ಎಂಬಲ್ಲಿಗೆ ಬಳಕೆದಾರರ ಕೋಡ್ ಬರುತ್ತದೆ. 'ರನ್' ಎಂಬಲ್ಲಿಗೆ ಜೇಸನ್ ರೂಪದ ಮಾಹಿತಿ ಬರುತ್ತದೆ, ಉತ್ತರವೂ ಜೇಸನ್‌ನಲ್ಲೇ ಹೋಗಬೇಕು. ಇದೂ ಕಷ್ಟ ಅನ್ನೋರಿಗೆ 'ಆಕ್ಷನ್‌ಲೂಪ್' ಎಂಬ ಸಿದ್ಧ ಮಧ್ಯವರ್ತಿ ಇದೆ: ಒಂದು ಸಾಲು ಓದಿ, ಒಂದು ಸಾಲು ಬರೆದು ಕೊಟ್ಟರೆ ಸಾಕು, ಉಳಿದದ್ದು ಅದರ ಪಾಡು. ಆಯಾ ಭಾಷೆ ಚೆನ್ನಾಗಿ ಬಲ್ಲವರು ಮೊದಲ ರೂಪವನ್ನು ಕೆಲವೇ ದಿನಗಳಲ್ಲಿ ನಿಲ್ಲಿಸಬಹುದು.

ಹಾಗೆ ನಿಲ್ಲಿಸಿದ್ದನ್ನು ಪರೀಕ್ಷೆಗೂ ಒಡ್ಡುತ್ತಾರೆ. ಅದರಲ್ಲೊಂದು ನನಗೆ ಬಹಳ ಇಷ್ಟ. ಹಿಮದ ಹಳುಕಿನ ಚಿಹ್ನೆಯನ್ನು ಫಂಕ್ಷನ್‌ಗೆ ಕಳಿಸುತ್ತಾರೆ. ಅದು ಎರಡು ಹಳುಕುಗಳ ನಡುವೆ ಹಿಮದ ಗೊಂಬೆಯೊಂದನ್ನು ಕೂರಿಸಿ ವಾಪಸ್ ಕೊಡಬೇಕು. ತಮಾಷೆ ಅನ್ನಿಸಬಹುದು. ಆದರೆ ಯುಟಿಎಫ್-8ರಲ್ಲಿ ಆ ಗೊಂಬೆಗೆ ತಗಲುವುದು 3 ಬೈಟ್. ನಮ್ಮ 'ಕ'ಕಾರಕ್ಕೂ 3 ಬೈಟ್. ಗೊಂಬೆ ಕೆಡದೆ ದಾಟಿತು ಅಂದರೆ ಕನ್ನಡದ ಹೆಸರು, ವಿಳಾಸಗಳೂ ದಾಟುವ ಭರವಸೆ ಇರುತ್ತದೆ. ಇಂಗ್ಲಿಷ್ ಅಕ್ಷರಗಳಲ್ಲಷ್ಟೇ ಪರೀಕ್ಷಿಸಿ ಕೈತೊಳೆದುಕೊಂಡ ರನ್‌ಟೈಮ್ ಬಂದರೆ, ಪ್ರಶ್ನಾರ್ಥಕ ಚಿಹ್ನೆಗಳ ಸಾಲು ನೋಡೋರು ನಾವೇ.

ನಿಜವಾದ ಖರ್ಚು ಶುರುವಾಗೋದು ಇದಾದ ಮೇಲೆ. ಭಾಷೆಯ ಹೊಸ ಆವೃತ್ತಿ ಬಂದಾಗ ಇಮೇಜ್ ಮತ್ತೆ ಕಟ್ಟಬೇಕು. ಕೆಳಗಿನ ಲಿನಕ್ಸ್‌ನಲ್ಲಿ ಭದ್ರತಾ ಲೋಪ ಸಿಕ್ಕರೆ ಮತ್ತೆ ಕಟ್ಟಬೇಕು. ಕಂಟೇನರ್ ಸೊನ್ನೆಯಿಂದ ಏಳೋಕೆ ಹೊತ್ತು ಹಿಡಿಯುತ್ತದೆ ಅಂತ ಕೆಲವನ್ನು ಮೊದಲೇ ಎಬ್ಬಿಸಿಟ್ಟಿರುತ್ತಾರೆ. ಆ ಸೌಲಭ್ಯ ಹೊಸ ಭಾಷೆಗೂ ಬೇಕೆಂದರೆ ಕೆಲಸವಿಲ್ಲದಾಗಲೂ ಮೆಮೊರಿ ತಿನ್ನುವ ಇನ್ನೊಂದು ಗುಂಪನ್ನು ಸಾಕಬೇಕು. 2020ರ ಜನವರಿ 1ಕ್ಕೆ ಪೈಥಾನ್ 2ರ ಅಧಿಕೃತ ಆಯಸ್ಸು ಮುಗಿಯಿತು. ಅದರಲ್ಲಿ ಬರೆದ ಫಂಕ್ಷನ್‌ಗಳನ್ನು ಕೈಬಿಡೋದೋ, ಅಪಾಯ ಗೊತ್ತಿದ್ದೂ ಹೊತ್ತುಕೊಂಡು ಹೋಗೋದೋ? ಭಾಷೆ ಸೇರಿಸಿದ ಉತ್ಸಾಹಿ ಅಷ್ಟರಲ್ಲಿ ಕೆಲಸ ಬದಲಿಸಿರುತ್ತಾರೆ.

ಹಾಗಾದರೆ ಸಾಕೋರು ಯಾರು? ಹೆಚ್ಚಾಗಿ, ಆ ಭಾಷೆಯಿಂದ ಲಾಭ ಕಾಣುವ ಕಂಪನಿಗಳು. ಓಪನ್‌ವಿಸ್ಕ್‌ನ ಮೊದಲ ಭಾಷೆಗಳಲ್ಲಿ ಸ್ವಿಫ್ಟ್ ಇತ್ತು. ಸರ್ವರ್‌ಗಳಲ್ಲಿ ಸ್ವಿಫ್ಟ್ ಓಡಿಸುವ ಬಗ್ಗೆ ಐಬಿಎಂಗೆ ಆಗ ಭಾರಿ ಆಸಕ್ತಿ. 2019ರ ಕೊನೆಯಲ್ಲಿ ಅದೇ ಕಂಪನಿ ಆ ಕೆಲಸದಿಂದ ಹಿಂದೆ ಸರಿಯಿತು. ಮುಂದೆ ಓಪನ್‌ವಿಸ್ಕ್ ಆಧಾರದ ತನ್ನ ಕ್ಲೌಡ್ ಫಂಕ್ಷನ್ಸ್ ಸೇವೆಯನ್ನೇ ಮುಚ್ಚಿತು. ಶ್ರೀಲಂಕಾದಲ್ಲಿ ಹುಟ್ಟಿದ ಡಬ್ಲ್ಯೂಎಸ್‌ಒ2 ಕಂಪನಿಯ ಬ್ಯಾಲರೀನಾ ಭಾಷೆಗೂ ಈ ಪಟ್ಟಿಯಲ್ಲಿ ಜಾಗ ಸಿಕ್ಕಿದೆ. ದೊಡ್ಡಣ್ಣಂದಿರಷ್ಟೇ ಅಲ್ಲ, ನಮ್ಮ ನೆರೆಯವರೂ ಒಳಗೆ ಬರಬಹುದು ಅನ್ನೋದಕ್ಕೆ ಇದು ಸಾಕ್ಷಿ. ಆದರೆ ಆ ಬಾಗಿಲು ದಾಟಲೂ ಬೆನ್ನಿಗೊಬ್ಬರು ಇರಬೇಕಾಯಿತು.

ಓಪನ್ ಸೋರ್ಸ್ ಸೋತಿತು ಅಂತ ನಾನು ಹೇಳುತ್ತಿಲ್ಲ. ಐಬಿಎಂ ಸೇವೆ ಮುಚ್ಚಿದರೂ ಕೋಡ್ ಉಳಿದಿದೆ, ಒಪ್ಪಂದದ ನಿಯಮಗಳು ಉಳಿದಿವೆ. ಬೇಕಾದವರು ತಮ್ಮ ಯಂತ್ರದ ಮೇಲೆ ಓಡಿಸಿಕೊಳ್ಳಬಹುದು. ಮುಚ್ಚಿದ ಸೇವೆಯಲ್ಲಿ ಈ ಭಾಗ್ಯ ಇಲ್ಲ. ನನ್ನ ತಕರಾರು 'ಬೆಂಬಲ' ಎಂಬ ಪದದ ಬಗ್ಗೆ. ಹತ್ತು ಭಾಷೆಗಳ ಲೋಗೊ ಸಾಲಾಗಿ ಹಾಕಿದಾಗ ಎಲ್ಲವೂ ಸಮಾನ ಅನ್ನಿಸುತ್ತದೆ. ನಿಜದಲ್ಲಿ ಎರಡೋ ಮೂರೋ ಗಟ್ಟಿ. ಉಳಿದವು ಯಾರದೋ ಭಾನುವಾರದ ಬಿಡುವಿನ ಮೇಲೆ ನಿಂತಿರುತ್ತವೆ.

ಇದಕ್ಕೊಂದು ಮಾದರಿ ಕಣ್ಣೆದುರೇ ಇದೆ. ರಸ್ಟ್ ಭಾಷೆಯವರು ತಾವು ಬೆಂಬಲಿಸುವ ಯಂತ್ರಗಳನ್ನು ಮೂರು ದರ್ಜೆಗಳಲ್ಲಿ ಇಟ್ಟಿದ್ದಾರೆ. ಯಾವ ದರ್ಜೆಗೆ ಎಷ್ಟು ಭರವಸೆ ಅಂತ ಬರೆದಿಟ್ಟಿದ್ದಾರೆ. ಕೆಳಗಿನ ದರ್ಜೆಗೆ ಹೊಸದಾಗಿ ಸೇರಬೇಕಾದರೂ ನಿರ್ವಹಣೆಯ ಹೊಣೆ ಹೊತ್ತವರ ಹೆಸರು ಇರಲೇಬೇಕು. ಸರ್ವರ್‌ಲೆಸ್ ಪ್ಲಾಟ್‌ಫಾರ್ಮ್‌ಗಳೂ ಇದೇ ಪ್ರಾಮಾಣಿಕತೆ ತೋರಲಿ. ಈ ತಂತ್ರಾಂಶವನ್ನು ಪುಕ್ಕಟೆ ಎಂದು ಎತ್ತಿಕೊಳ್ಳುವ ಕಂಪನಿಗಳು, ಸರ್ಕಾರಿ ಇಲಾಖೆಗಳು ಭಾಷೆ ಆರಿಸುವ ಮುನ್ನ ಒಂದು ಪ್ರಶ್ನೆ ಕೇಳಲಿ: ಮುಂದಿನ ಭದ್ರತಾ ಲೋಪ ಸಿಕ್ಕ ದಿನ ಇದನ್ನು ಸರಿಮಾಡೋರು ಯಾರು? ಉತ್ತರ ಸಿಗದಿದ್ದರೆ ಬೇರೆ ಭಾಷೆ ನೋಡಲಿ, ಇಲ್ಲವೇ ಆ ಕೆಲಸಕ್ಕೆ ತಾವೇ ಒಬ್ಬರಿಗೆ ಸಂಬಳ ಕೊಡಲಿ.